ಮೂಲೆಯ ಕುರ್ಚಿಯಲ್ಲಿ ನನ್ನ ತುಟಿ ಮಾಡಿದ ಕೆಲಸ

ಶ್ರಾವ್ಯ, ಹೋದ ವಾರ ನೀನು ನನ್ನ ಟ್ರಂಕಿನಿಂದ ಆಸ್ಪತ್ರೆಯ ನೀಲಿ ಸೀರೆಯನ್ನು ಹೊರಗೆಳೆದು, ಸೆರಗಿನ ತುದಿಯಲ್ಲಿದ್ದ ಗಂಟನ್ನು ಹಿಡಿದುಕೊಂಡು, "ಇದರೊಳಗೆ ಎಂತ ಉಂಟು ಅಜ್ಜಿ?" ಎಂದು ಕೇಳಿದೆ. ಏನೂ ಇಲ್ಲ ಎಂದು ಹೇಳಿ ನಾನು ಒಲೆಯ ಕಡೆ ಹೋದೆ. ಏನೂ ಇಲ್ಲ ಎನ್ನುವುದು ಸುಳ್ಳಲ್ಲ. ಆದರೆ ಉತ್ತರ ಅಷ್ಟೇ ಅಲ್ಲ.

ಎದುರಿಗೆ ನಿಂತು ಹೇಳಲು ನನಗೆ ಬರುವುದಿಲ್ಲ. ನಿಮ್ಮ ಅಜ್ಜ ಇದ್ದಾಗ, ಸಾರಿಗೆ ಉಪ್ಪು ಹಾಕಲು ಮರೆತೆ ಎಂದು ಹೇಳುವುದಕ್ಕೂ ನಾನು ಬಾಗಿಲ ಹಿಂದೆ ನಿಂತುಕೊಳ್ಳುತ್ತಿದ್ದೆ. ಬರೆಯುವುದಾದರೆ ಅಡ್ಡಿ ಇಲ್ಲ, ಕಾಗದ ತಿರುಗಿ ಮುಖ ನೋಡುವುದಿಲ್ಲ. ಬರುವ ತಿಂಗಳು ನೀನು ಸ್ಕ್ಯಾನಿಂಗ್ ವಿಭಾಗದಲ್ಲಿ ಟೆಕ್ನೀಷಿಯನ್ ಆಗಿ ಕೆಲಸಕ್ಕೆ ಸೇರುತ್ತೀ. ಅದೇ ತರದ ಕೋಣೆಯ ಬಾಗಿಲಲ್ಲಿ ಹದಿನಾರು ವರ್ಷ ಆಯಾ ಆಗಿ ನಿಂತವಳು ನಾನು. ನಿನ್ನದು ಮೆಷಿನ್ ನಡೆಸುವ ಕೆಲಸ, ನನ್ನದು ಮೆಷಿನ್‌ನ ಹತ್ತಿರ ಹೋಗುವವರ ಪಿನ್ನು ತೆಗೆಯುವ ಕೆಲಸ. ಆದರೂ ಓದು. ನಿನ್ನ ತಮ್ಮ ಪ್ರಜ್ವಲನಿಗೂ ಓದಲು ಕೊಡು, ಅವನು ನಗುತ್ತಾನೆ.

ಅಲೆವೂರಿನ ಶಾಲೆಯಲ್ಲಿ ಏಳನೇ ಕ್ಲಾಸು ಮುಗಿಸಿ ನಾನು ಬೀಡಿ ಕಟ್ಟಲು ಕುಳಿತವಳು. ಮದುವೆಯಾದ ಮೇಲೂ ಅದೇ ಕೆಲಸ. ನಿಮ್ಮ ಅಜ್ಜ ಕಟಪಾಡಿಯ ವೆಲ್ಡಿಂಗ್ ಅಂಗಡಿಯಲ್ಲಿದ್ದರು. ಅವರು ತೀರಿಕೊಂಡ ವರ್ಷ ನನ್ನ ಅಣ್ಣನ ಪರಿಚಯದವರು ಮಣಿಪಾಲದಲ್ಲಿ ಈ ಕೆಲಸ ತೆಗೆಸಿಕೊಟ್ಟರು. ಬೀಡಿಯಿಂದ ನಾನು ಆಸ್ಪತ್ರೆಗೆ ತಂದದ್ದು ಎರಡು. ಒಂದು, ಬೀಡಿ ಸುತ್ತುವ ತಡ್ಪೆ, ಅಂದರೆ ತೊಡೆಯ ಮೇಲೆ ಇಟ್ಟುಕೊಳ್ಳುವ ಮೊರ. ಅದು ಯಾಕೆ ಬೇಕಾಯಿತು ಎಂದು ಮುಂದೆ ಹೇಳುತ್ತೇನೆ. ಇನ್ನೊಂದು, ತುಟಿಯಲ್ಲಿ ಎಣಿಸುವ ಚಾಳಿ. ಬೀಡಿ ಕಟ್ಟುವವರ ಜಗಲಿಯಲ್ಲಿ ಆರೇಳು ಹೆಂಗಸರು ಒಟ್ಟಿಗೆ ಮಾತಾಡುತ್ತಿರುತ್ತಾರೆ. ಇಪ್ಪತ್ತೈದಕ್ಕೆ ಒಂದು ಕಟ್ಟು. ಪಕ್ಕದವಳ ಮಾತಿನಲ್ಲಿ ಎಣಿಕೆ ಕಳೆದುಹೋಗದ ಹಾಗೆ ಸದ್ದಿಲ್ಲದೆ ತುಟಿ ಆಡಿಸುತ್ತ ಎಣಿಸುವುದು ನಮ್ಮ ಅಭ್ಯಾಸ. ಎಲ್ಲರದ್ದೂ ಬೀಡಿ ಬಿಟ್ಟ ಮೇಲೆ ನಿಂತಿತು, ನನ್ನದು ನಿಲ್ಲಲಿಲ್ಲ. ಬಸ್ಸಿನ ನಂಬರು, ಮೆಟ್ಟಿಲು, ಯಾರಾದರೂ ಹೇಳಿದ ಕೆಲಸ, ಎಲ್ಲವೂ ತುಟಿಗೆ ಬರುತ್ತಿತ್ತು. ಇಲ್ಲದಿದ್ದರೆ ನನಗೆ ಯಾವುದೂ ನಿಲ್ಲುತ್ತಿರಲಿಲ್ಲ.

ನನ್ನ ಮರೆವಿನ ಬಗ್ಗೆ ನಿಮ್ಮ ಅಮ್ಮ ಹೇಳಿರಬಹುದು. ಸಂಜೆ ಮಣಿಪಾಲದಲ್ಲಿ ಬಸ್ಸು ಹತ್ತಿ ಅಲೆವೂರಿನಲ್ಲಿ ಇಳಿಯಬೇಕಾದವಳು ಕಟಪಾಡಿಯವರೆಗೆ ಹೋಗಿ ಇಳಿದದ್ದು ಒಂದೆರಡು ಸಲ ಅಲ್ಲ. ಕಂಡಕ್ಟರನೇ ಅಲೆವೂರು ಬಂದಾಗ ನನ್ನ ತಲೆಯ ಮೇಲಿನ ಕಂಬಿಗೆ ನಾಣ್ಯದಿಂದ ಕುಟ್ಟುತ್ತಿದ್ದ. ಅದಕ್ಕೇ ಸೆರಗಿನ ಗಂಟು. ಏನಾದರೂ ನೆನಪಿಡಬೇಕಾದರೆ ಸೆರಗಿಗೆ ಒಂದು ಗಂಟು ಹಾಕುವುದು ನನ್ನ ತಾಯಿಯಿಂದ ಕಲಿತದ್ದು. ತಾಯಿಗೆ ಗಂಟು ನೋಡಿದ ಕೂಡಲೇ ವಿಷಯ ನೆನಪಾಗುತ್ತಿತ್ತು. ನನಗೆ ಗಂಟು ನೋಡಿದ ಕೂಡಲೇ, ಏನೋ ಒಂದನ್ನು ಮರೆತಿದ್ದೇನೆ ಎಂಬುದು ಮಾತ್ರ ನೆನಪಾಗುತ್ತಿತ್ತು. ವಾರದ ಕೊನೆಗೆ ಸೆರಗಿನಲ್ಲಿ ನಾಲ್ಕೈದು ಗಂಟು ಸೇರುತ್ತಿದ್ದವು. ಶನಿವಾರ ಎಲ್ಲವನ್ನೂ ಬಿಚ್ಚಿ, ಏನಿದ್ದರೂ ಆಗಿಹೋಯಿತು ಎಂದು ಸೀರೆ ಒಗೆಯುತ್ತಿದ್ದೆ.

ಇಂಥವಳನ್ನು ಆ ದೊಡ್ಡ ಅಯಸ್ಕಾಂತದ ಬಾಗಿಲಲ್ಲಿ ನಿಲ್ಲಿಸಿದ್ದರು. ಎಂ.ಆರ್.ಐ. ಕೋಣೆಗೆ ಕಬ್ಬಿಣದ ಚೂರು ಕೂಡ ಹೋಗಬಾರದು. ಬಂದವರ ಕರಿಮಣಿ, ಕಾಲುಂಗುರ, ಉಡಿದಾರ, ತಾಯಿತ, ಹೇರ್‌ಪಿನ್ನು, ಎಲ್ಲ ತೆಗೆಸಿ ಡಬ್ಬದಲ್ಲಿ ಇಡುವುದು ನನ್ನ ಪಾಲಿಗೆ ಬಂದ ಕೆಲಸ. ಮೊದಲ ವಾರ ನಾನು ಒಬ್ಬ ಮುದುಕಿಯ ಮೈಯಿಂದ ಒಂಬತ್ತು ಪಿನ್ನು ತೆಗೆದು, ಹೆಮ್ಮೆಯಿಂದ ಅವರನ್ನು ಒಳಗೆ ಕರೆದುಕೊಂಡು ಹೋದೆ. ನನ್ನ ಬಳೆಗೆ ಸಿಕ್ಕಿಸಿಕೊಂಡಿದ್ದ ಪಿನ್ನು ಕಳಚಿ, ಹಾರಿ, ಮೆಷಿನ್‌ನ ಬಾಯಿಯ ಒಳಗೆ ಹೋಗಿ ಅಂಟಿಕೊಂಡಿತು. ಟೆಕ್ನೀಷಿಯನ್ ವಿಲ್ಸನ್ ಕಾರ್ಕಳದವರು. ನಗದೇ ನಗಿಸುವ ಜನ. ಮೆಷಿನ್ ಬಳಿ ಬಂದು ಪಿನ್ನು ತೆಗೆದು ನನ್ನ ಕೈಗೆ ಕೊಟ್ಟು, "ಸುಂದರಕ್ಕ, ಹತ್ತನೆಯದು ನಿಮ್ಮಲ್ಲೇ ಇತ್ತು ಮಾರಾಯ್ರೆ" ಎಂದರು. ಅಂದಿನಿಂದ ನಿವೃತ್ತಿಯವರೆಗೆ ಅವರು ನನ್ನನ್ನು ಕಂಡಾಗಲೆಲ್ಲ ಎರಡು ಕೈಯ ಬೆರಳೆಲ್ಲ ಅಗಲಿಸಿ ಹತ್ತು ಎಂದು ತೋರಿಸುತ್ತಿದ್ದರು. ಶ್ರಾವ್ಯ, ಬಂದವರನ್ನು ತಪಾಸಣೆ ಮಾಡುವ ಮೊದಲು ನಿನ್ನನ್ನು ಮಾಡಿಕೋ. ನಾನು ನಿನಗೆ ಹೇಳುವ ಎಲ್ಲ ಬುದ್ಧಿಯೂ ಇದೇ ಒಂದು ಪಿನ್ನು.

ಒಂದೇ ಒಂದು ಉಪಾಯ ನನ್ನ ಸ್ವಂತದ್ದು, ಅದನ್ನು ಬರೆದುಬಿಡುತ್ತೇನೆ. ಮಕ್ಕಳ ಕೈಯ ತಾಯಿತ ತೆಗೆಯಲು ತಾಯಂದಿರು ಒಪ್ಪುತ್ತಿರಲಿಲ್ಲ. ಹಿಂದುಗಳಾಗಲಿ, ಬ್ಯಾರಿ ಮುಸ್ಲಿಮರಾಗಲಿ, ಕ್ರೈಸ್ತರ ಕುತ್ತಿಗೆಯ ಶಿಲುಬೆಯಾಗಲಿ, ಎಲ್ಲ ಒಂದೇ ಹೆದರಿಕೆ. ಮಗು ಒಳಗೆ ಇರುವಷ್ಟು ಹೊತ್ತು ಅದನ್ನು ತಾಯಿಯ ಕೈಗೇ ಕಟ್ಟಿಬಿಡುತ್ತಿದ್ದೆ. ನಿಮ್ಮ ಮೈಯಲ್ಲಿ ಇದ್ದರೆ ಮಗುವಿನ ಮೈಯಲ್ಲಿ ಇದ್ದ ಹಾಗೆ ಎನ್ನುತ್ತಿದ್ದೆ. ಯಾವ ಶಾಸ್ತ್ರದಲ್ಲಿ ಇದೆಯೋ ಗೊತ್ತಿಲ್ಲ, ಒಬ್ಬರೂ ಎದುರು ಹೇಳಲಿಲ್ಲ.

ಕೆಲವು ವರ್ಷ ಕಳೆದ ಮೇಲೆ ಡಾಕ್ಟರ್ ಪ್ರತಿಭಾ ಬಂದರು. ಅವರು ಮಕ್ಕಳ ಮನಸ್ಸಿನ ಡಾಕ್ಟರು. ಎ.ಡಿ.ಎಚ್.ಡಿ. ಎಂಬ ಹೆಸರನ್ನು ನಾನು ಮೊದಲು ಕೇಳಿದ್ದು ಅವರಿಂದ. ಒಂದು ಕಡೆ ಗಮನ ನಿಲ್ಲದ, ಕೂತಲ್ಲಿ ಕೂರಲಾಗದ, ಹೇಳಿದ್ದು ಮರೆಯುವ ಮಕ್ಕಳ ಮಿದುಳಿನ ಚಿತ್ರ ತೆಗೆದು, ಜೊತೆಗೆ ನೆನಪಿನ ಪರೀಕ್ಷೆ ಮಾಡಿ, ಎರಡಕ್ಕೂ ಏನು ಸಂಬಂಧ ಎಂದು ನೋಡುವುದು ಅವರ ಅಧ್ಯಯನ. ತಂದೆ ತಾಯಿ ಒಪ್ಪಿ ಸಹಿ ಹಾಕಿದ ಮಕ್ಕಳು ಮಾತ್ರ ಬರುತ್ತಿದ್ದರು. ಆದರೆ ಯೋಚನೆ ಮಾಡು: ಅಲ್ಲಾಡದೆ ಮಲಗಬೇಕಾದ ಮೆಷಿನ್‌ಗೆ, ಅಲ್ಲಾಡದೆ ಇರಲು ಆಗದ ಮಕ್ಕಳು. ತಲೆ ಸ್ವಲ್ಪ ಕದಲಿದರೂ ಚಿತ್ರ ಹಾಳು. ಮೊದಲ ತಿಂಗಳು ತೆಗೆದ ಚಿತ್ರಗಳಲ್ಲಿ ಬಹಳಷ್ಟು, ಅಲೆಯೆದ್ದ ಕೆರೆಯಲ್ಲಿ ಕಂಡ ಚಂದ್ರನ ಹಾಗೆ ಇದ್ದವು.

ಆಗ ತಡ್ಪೆ ತಂದೆ. ಪಕ್ಕದ ಕೋಣೆಯ ಬೆಂಚಿನ ಕೆಳಗೆ ಮಕ್ಕಳನ್ನು ಮಲಗಿಸಿ, ಮೇಲೆ ಬೆಡ್‌ಶೀಟು ಇಳಿಬಿಟ್ಟು, ತಡ್ಪೆಯನ್ನು ಮಗುಚಿ ಹಾಕಿ, ಮೆಷಿನ್‌ನ ಸದ್ದಿನಂತೆ ಕುಟ್ಟುತ್ತಿದ್ದೆ. ಹೊಟ್ಟೆಯ ಮೇಲೆ ಒಂದು ಒಣ ಬೀಡಿ ಎಲೆ ಇಡುವುದು. ಕುಟ್ಟಿ ಮುಗಿಯುವವರೆಗೆ ಎಲೆ ಬೀಳದಿದ್ದರೆ ಗೆದ್ದಂತೆ. ಡಾಕ್ಟರಿಗೆ ಇದು ಬಹಳ ಹಿಡಿಸಿತು. ಮುಂದೆ ನಿಜವಾದ ಸದ್ದಿನ ರೆಕಾರ್ಡಿಂಗು, ಪ್ಲಾಸ್ಟಿಕ್ಕಿನ ದೊಡ್ಡ ಕೊಳವೆ, ಸಿನಿಮಾ ತೋರಿಸುವ ಕನ್ನಡಕ ಎಲ್ಲ ಬಂದವು. ನಿನ್ನ ಕಾಲಕ್ಕೆ ಇನ್ನೂ ಏನೇನೋ ಬಂದಿರಬಹುದು. ಆದರೆ ಆರಂಭದ ಆ ಮಕ್ಕಳೆಲ್ಲ ನನ್ನ ತಡ್ಪೆಯ ಮಕ್ಕಳು. ಈ ಹೊಗಳಿಕೆಯಿಂದಲೇ ನನಗೆ ಸ್ವಲ್ಪ ತಲೆ ತಿರುಗಿತು ಎಂದು ತೋರುತ್ತದೆ.

ಮೆಷಿನ್‌ನಲ್ಲಿ ಮಿದುಳನ್ನು ನೋಡಿದರೆ ತುಂಟತನ ಎಲ್ಲಿದೆ ಎಂದು ಕಾಣುತ್ತದೆ ಎಂದು ನಾನು ನಂಬಿದ್ದೆ. ತಾಯಂದಿರೂ ಹಾಗೇ ನಂಬಿ, ಹೊರಗೆ ಬಂದ ಕೂಡಲೇ ನನ್ನನ್ನು ಮೆಲ್ಲಗೆ ಕೇಳುತ್ತಿದ್ದರು, ಎಂತ ಕಂಡಿತು ಎಂದು. ಹಲ್ಲು ಹುಳುಕಾದಂತೆ ಒಂದು ಕಪ್ಪು ಕಲೆ ಇರುತ್ತದೆ ಎಂದು ನನ್ನ ಅಂದಾಜು. ವಿಲ್ಸನ್ ಒಂದು ದಿನ ಎರಡು ಚಿತ್ರಗಳನ್ನು ತೋರಿಸಿ, ಇದರಲ್ಲಿ ಯಾವುದು ಗಮನ ನಿಲ್ಲದ ಮಗುವಿನದು ಹೇಳಿ ಎಂದರು. ನಾನು ಧೈರ್ಯ ಮಾಡಿ ಒಂದನ್ನು ತೋರಿಸಿದೆ. ಅದು ಅವರದೇ ತಲೆಯ ಚಿತ್ರ.

ಡಾಕ್ಟರು ತಂದೆ ತಾಯಿಗಳಿಗೆ ವಿವರಿಸುವುದನ್ನು ಕೇಳಿ ಕೇಳಿ ನನಗೂ ಸ್ವಲ್ಪ ತಿಳಿಯಿತು. ಬಹಳ ಮಕ್ಕಳ ಚಿತ್ರಗಳನ್ನು ಒಟ್ಟು ಸೇರಿಸಿ ಸರಾಸರಿ ತೆಗೆದಾಗ ಮಾತ್ರ, ಈ ಮಕ್ಕಳ ಮಿದುಳಿನ ಕೆಲವು ಭಾಗಗಳು ಸ್ವಲ್ಪ ಚಿಕ್ಕದಾಗಿ, ಹಣೆಯ ಹಿಂದಿನ ಭಾಗ ಬಲಿಯುವುದು ಸ್ವಲ್ಪ ತಡವಾಗಿ ಕಾಣುತ್ತದೆ. ಆ ವ್ಯತ್ಯಾಸ ಬಹಳ ಸಣ್ಣದು. ಒಂದು ಮಗುವಿನ ಒಂದು ಚಿತ್ರ ನೋಡಿ, ಇದಕ್ಕೆ ಎ.ಡಿ.ಎಚ್.ಡಿ. ಉಂಟು ಅಥವಾ ಇಲ್ಲ ಎಂದು ಯಾರಿಂದಲೂ ಹೇಳಲಾಗುವುದಿಲ್ಲ. ಅದನ್ನು ತಿಳಿಯಲು ಮನೆಯಲ್ಲಿ ಹೇಗೆ, ಶಾಲೆಯಲ್ಲಿ ಹೇಗೆ, ಚಿಕ್ಕಂದಿನಿಂದ ಹೇಗೆ ಎಂದು ಕೇಳಬೇಕು, ಮಗುವಿನ ಜೊತೆ ಕೂತು ನೋಡಬೇಕು.

ನೆನಪಿನ ವಿಷಯ ಮಾತ್ರ ನನಗೆ ಬೀಡಿಯಿಂದಲೇ ಅರ್ಥವಾಯಿತು. ನೆನಪಿನಲ್ಲಿ ಎರಡು ಬಗೆ. ಒಂದು, ಪೆಟ್ಟಿಗೆಯಲ್ಲಿ ಇಟ್ಟ ನೆನಪು, ಹಳೆಯದು. ಇನ್ನೊಂದು, ಕೈಯಲ್ಲಿ ಹಿಡಿದ ನೆನಪು. ಎಡಗೈಯಲ್ಲಿ ಎಲೆ, ಅದರ ಮೇಲೆ ಹೊಗೆಸೊಪ್ಪು, ಬಲಗೈಯಲ್ಲಿ ನೂಲು, ಮೂರೂ ಒಂದೇ ಹೊತ್ತಿಗೆ ಹಿಡಿದುಕೊಂಡರೆ ಮಾತ್ರ ಬೀಡಿ ಆಗುತ್ತದೆ. ಈ ಮಕ್ಕಳಲ್ಲಿ ಹಲವರಿಗೆ ನೂಲು ಹಿಡಿಯುವಾಗ ಎಲೆ ಜಾರುತ್ತದೆ. ಪೆಟ್ಟಿಗೆಯಲ್ಲಿ ಬೇಕಾದಷ್ಟು ಇರುತ್ತದೆ. ಅದಕ್ಕೇ ಹಿರಿಯರು, ಬೇಕಾದ್ದು ನೆನಪಿರುತ್ತದೆ, ಬೇಡದ್ದು ಮಾತ್ರ ಮರೆಯುತ್ತದೆ ಎಂದು ಮಕ್ಕಳಿಗೆ ಬೈಯುವುದು.

ಆ ಕೈಯ ನೆನಪನ್ನು ಅಳೆಯುವ ಪರೀಕ್ಷೆಗಳಲ್ಲಿ ಒಂದು ಹೀಗೆ: ಡಾಕ್ಟರು ಕೆಲವು ಅಂಕೆ ಹೇಳುತ್ತಾರೆ, ಮಗು ಅದನ್ನು ಹಿಂದುಮುಂದಾಗಿ ಹೇಳಬೇಕು. ಏಳು, ಎರಡು, ಒಂಬತ್ತು ಎಂದರೆ ಮಗು ಒಂಬತ್ತು, ಎರಡು, ಏಳು ಎನ್ನಬೇಕು. ಸರಿಯಾದಂತೆ ಅಂಕೆಗಳು ಹೆಚ್ಚಾಗುತ್ತ ಹೋಗುತ್ತವೆ. ಮಕ್ಕಳು ಎದ್ದು ಓಡಿದರೆ ಹಿಡಿಯಲು ಒಬ್ಬರು ಬೇಕೆಂದು ಡಾಕ್ಟರು ತಮ್ಮ ಬೆನ್ನ ಹಿಂದೆ, ಬಾಗಿಲ ಮೂಲೆಯಲ್ಲಿ, ನನಗೊಂದು ಕುರ್ಚಿ ಹಾಕಿಸಿದರು. ಡಾಕ್ಟರಿಗೆ ನಾನು ಕಾಣುವುದಿಲ್ಲ. ಮಗುವಿಗೆ ಡಾಕ್ಟರ ಭುಜದ ಮೇಲೆ ನನ್ನ ಮುಖ ನೇರ ಕಾಣುತ್ತದೆ.

ಮುಂದೆ ಏನಾಯಿತು ಎಂದು ಪ್ರಜ್ವಲ ಈಗಾಗಲೇ ಊಹಿಸಿರಬಹುದು. ಅವನಷ್ಟು ಬುದ್ಧಿ ನನಗೆ ಇರಲಿಲ್ಲ.

ಒಂದು ದಿನ ಕಾಪುವಿನಿಂದ ನಫೀಸಾ ಎಂಬವರು ಮಗಳನ್ನು ಕರೆದುಕೊಂಡು ಬಂದರು. ಬ್ಯಾರಿ ಕುಟುಂಬ, ಗಂಡ ದುಬೈಯಲ್ಲಿ. ಮಗಳು ಶಿಫಾ, ಐದನೇ ಕ್ಲಾಸು. ಓಡುವ ಜಿಗಿಯುವ ಮಗು ಅಲ್ಲ. ಕಿಟಕಿ ನೋಡುತ್ತ ಕೂತುಬಿಡುವ ಮಗು. ಮೂರು ಕೆಲಸ ಹೇಳಿದರೆ ಮೊದಲನೆಯದಕ್ಕೆ ಹೊರಟು ದಾರಿಯಲ್ಲಿ ನಿಲ್ಲುತ್ತಾಳೆ, ಮನೆಗೆಲಸ ಮಾಡಿಯೂ ಪುಸ್ತಕ ಮನೆಯಲ್ಲಿ ಬಿಟ್ಟು ಬರುತ್ತಾಳೆ. ಕಾಪು ಬೀಚಿಗೆ ಎರಡು ವರ್ಷದ ಹಿಂದೆ ಹೋದಾಗ ಯಾರು ಯಾವ ಬಣ್ಣದ ಬಟ್ಟೆ ಹಾಕಿದ್ದರು ಎಂದು ಮಾತ್ರ ತಪ್ಪದೆ ಹೇಳಬಲ್ಲಳು. ಹಾಗಾಗಿ ಶಾಲೆಯಲ್ಲಿ ಅವಳಿಗೆ ಬಿದ್ದ ಹೆಸರು ಸುಳ್ಳಿ ಎಂದು. ಮರೆತೆ ಎಂದರೆ ಯಾರೂ ನಂಬುತ್ತಿರಲಿಲ್ಲ. ಚಿತ್ರ ತೆಗೆಯುವ ದಿನ ಅವಳ ತಾಯಿತವನ್ನು ನಫೀಸಾರ ಕೈಗೆ ಕಟ್ಟಿದೆ. ಮಗು ನನ್ನ ತಡ್ಪೆಯ ಸದ್ದಿಗೆ ಎಲೆ ಬೀಳಿಸದೆ ಮಲಗಿತು. ನನಗೆ ಅವಳ ಮೇಲೆ ಮೊದಲ ದಿನವೇ ಪ್ರೀತಿ.

ಅಂಕೆಯ ಪರೀಕ್ಷೆಯಲ್ಲಿ ಶಿಫಾ ಎಲ್ಲರನ್ನೂ ಬೆರಗುಗೊಳಿಸಿದಳು. ನಾಲ್ಕು ಅಂಕೆ ಹಿಂದುಮುಂದಾಗಿ, ಐದು, ಆರು. ಕಣ್ಣು ಒಂದೇ ಕಡೆ ನೆಟ್ಟಿದ್ದಳು. ಡಾಕ್ಟರು ಬರೆದ ವರದಿಯಲ್ಲಿ, ಈ ಪರೀಕ್ಷೆಯಲ್ಲಿ ಮಗುವಿನ ನೆನಪು ವಯಸ್ಸಿಗಿಂತ ಉತ್ತಮ, ಗಮನ ಸ್ಥಿರ ಎಂದು ಬಂತು. ಒಂದೇ ಪರೀಕ್ಷೆಯಿಂದ ತೀರ್ಮಾನ ಮಾಡಬಾರದು, ಇನ್ನೂ ನೋಡಬೇಕು ಎಂದೂ ಕೆಳಗೆ ಬರೆದಿತ್ತು. ಆದರೆ ವರದಿಯ ಕೆಳಗಿನ ಸಾಲು ಯಾರು ಓದುತ್ತಾರೆ? ಆ ಸಂಜೆ ನಾನು ಅವಳ ಕೆನ್ನೆ ಸವರಿ ಜಾಣೆ ಎಂದೆ. ನನ್ನನ್ನೇ ನಾನು ಹೊಗಳಿಕೊಳ್ಳುತ್ತಿದ್ದೇನೆ ಎಂದು ಗೊತ್ತಿರಲಿಲ್ಲ.

ಐದು ತಿಂಗಳ ನಂತರ, ಬೇಸಿಗೆ ರಜೆ ಮುಗಿಯುವ ಹೊತ್ತಿಗೆ, ನಫೀಸಾ ಮತ್ತೆ ಬಂದರು. ವರದಿಯ ಇನ್ನೊಂದು ಪ್ರತಿ ಬೇಕಿತ್ತು. ಅವತ್ತು ಗುರುವಾರ, ಡಾಕ್ಟರು ಊರಲ್ಲಿ ಇರಲಿಲ್ಲ, ಸೋಮವಾರ ಬರುವವರಿದ್ದರು. ನಫೀಸಾ ನನ್ನ ಹತ್ತಿರ ಬೆಂಚಿನಲ್ಲಿ ಕೂತು ಎಲ್ಲ ಹೇಳಿದರು. ಶಾಲೆಯವರು ವರದಿ ನೋಡಿ, ನೆನಪು ಇಷ್ಟು ಚೆನ್ನಾಗಿರುವಾಗ ಮರೆಯುವುದು ಬೇಕೆಂದೇ ಎಂದು ತೀರ್ಮಾನಿಸಿದ್ದರು. ಶಿಕ್ಷೆ ಹೆಚ್ಚಾಯಿತು, ಮಗು ಶಾಲೆಗೆ ಹೊರಡುವ ಹೊತ್ತಿಗೆ ವಾಂತಿ ಮಾಡಲು ಶುರುಮಾಡಿತು. ದುಬೈಯಿಂದ ತಂದೆ ಫೋನಿನಲ್ಲಿ ಹಟ ಹಿಡಿದಿದ್ದರು: ಬಜಗೋಳಿಯ ಕಡೆ ಒಂದು ಹಾಸ್ಟೆಲ್ ಶಾಲೆ ಉಂಟು, ಬಹಳ ಶಿಸ್ತು, ಅಲ್ಲಿ ಬಿಟ್ಟರೆ ಸರಿಯಾಗುತ್ತಾಳೆ. ಮುಂದಿನ ಬುಧವಾರ ಅವಳನ್ನು ಅಲ್ಲಿಗೆ ಬಿಡುವುದೆಂದು ಆಗಿತ್ತು.

"ನಾನು ಸಹ ಅವಳಿಗೆ ಹೊಡೆದೆ ಅಕ್ಕ" ಎಂದರು ನಫೀಸಾ. "ಈ ಕಾಗದ ನೋಡಿಯೇ ಹೊಡೆದದ್ದು. ಮೊದಲು ಹೊಡೆಯುತ್ತಿರಲಿಲ್ಲ."

ಅವರು ಆಫೀಸಿಗೆ ಹೋದಾಗ ಶಿಫಾ ನನ್ನ ಪಕ್ಕದಲ್ಲಿ ಉಳಿದಳು. ಶಾಲಿನ ತುದಿಯನ್ನು ಬೆರಳಿಗೆ ಸುತ್ತುತ್ತ, ದೂರು ಹೇಳುವ ದನಿಯಲ್ಲಿ ಅಲ್ಲ, ಸುಮ್ಮನೆ ಹೇಳಿದಳು.

"ನಮ್ಮ ಶಾಲೆಯಲ್ಲಿ ನಿಮ್ಮ ಹಾಗೆ ಯಾರೂ ಹೇಳಿಕೊಡುವುದಿಲ್ಲ ಅಜ್ಜಿ."

ನಾನು ಏನು ಹೇಳಿಕೊಟ್ಟೆ ಎಂದು ಕೇಳಿದೆ.

"ನಂಬರು. ಬಾಯಿಯಲ್ಲಿ, ಸದ್ದು ಮಾಡದೆ. ನೀವು ಅದಕ್ಕೇ ಅಲ್ಲಿ ಕೂತದ್ದು ಅಲ್ವಾ?"

ಶ್ರಾವ್ಯ, ಕೇಳು. ಆ ಮೂಲೆಯಲ್ಲಿ ಕೂತು ನಾನು ಮೊದಮೊದಲು, ನನಗೆ ಎಷ್ಟು ನಿಲ್ಲುತ್ತದೆ ನೋಡೋಣ ಎಂದು ಅಂಕೆಗಳನ್ನು ಹಿಂದುಮುಂದಾಗಿ ಹೇಳಿಕೊಳ್ಳುತ್ತಿದ್ದೆ. ಮೂರಕ್ಕಿಂತ ಹೆಚ್ಚು ನಿಲ್ಲುತ್ತಿರಲಿಲ್ಲ. ಆದರೆ ಪ್ರತಿ ಮಗುವಿಗೂ ಅದೇ ಪಟ್ಟಿ. ಕೇಳಿ ಕೇಳಿ ಅದು ನನ್ನ ಪೆಟ್ಟಿಗೆಯ ನೆನಪಿಗೆ ಸೇರಿಹೋಗಿತ್ತು. ಡಾಕ್ಟರು ಮೊದಲ ಅಂಕೆ ಹೇಳುವಾಗಲೇ ನನ್ನ ತುಟಿ ಬೀಡಿ ಎಣಿಸುವಂತೆ ತನ್ನಷ್ಟಕ್ಕೆ ಉತ್ತರ ಹೇಳುತ್ತಿತ್ತು. ಬೇರೆ ಮಕ್ಕಳು ನನ್ನ ಕಡೆ ನೋಡಿದರೋ ಇಲ್ಲವೋ, ಮುಖ ನೋಡಿ ಮನಸ್ಸು ತಿಳಿದುಕೊಳ್ಳುವ ಈ ಮಗು ನೋಡಿತ್ತು. ಗಮನ ಸ್ಥಿರ ಎಂದು ಡಾಕ್ಟರು ಬರೆದದ್ದು ಸರಿಯೇ. ಗಮನ ನನ್ನ ಬಾಯಿಯ ಮೇಲೆ ಸ್ಥಿರವಾಗಿತ್ತು.

ನಾನು ಕೂಡಲೇ ಸೆರಗಿಗೆ ಗಂಟು ಹಾಕಿದೆ. ಸೋಮವಾರ ಡಾಕ್ಟರಿಗೆ ಹೇಳಬೇಕು.

ಅಲ್ಲಿಂದ ಸೋಮವಾರದವರೆಗೆ ನಾನು ಪಟ್ಟದ್ದನ್ನು ಏನು ಹೇಳಲಿ. ಹೇಳದಿದ್ದರೆ ಆಗುವುದಿಲ್ಲವೇ ಎಂದು ಎಷ್ಟು ದಾರಿ ಹುಡುಕಿದೆ. ಮೆಷಿನ್‌ನ ಚಿತ್ರಗಳು ಇವೆಯಲ್ಲ, ಅದರಲ್ಲಿ ಗೊತ್ತಾಗುತ್ತದೆ ಎಂದು ಒಮ್ಮೆ ಸಮಾಧಾನ ಮಾಡಿಕೊಂಡೆ. ಒಂದು ಚಿತ್ರದಿಂದ ಏನೂ ಹೇಳಲಾಗುವುದಿಲ್ಲ ಎಂದು ಡಾಕ್ಟರೇ ಹೇಳಿದ್ದು ಮರುಕ್ಷಣ ನೆನಪಾಯಿತು. ಬೇಡದ್ದು ನನಗೂ ನೆನಪಿರುತ್ತದೆ. ನಿವೃತ್ತಿಗೆ ಎರಡು ವರ್ಷ ಇತ್ತು. ಕೆಲಸ ಹೋದರೆ ನಿಮ್ಮ ಅಮ್ಮನಿಗೆ ಏನು ಹೇಳುವುದು? ಇನ್ನೂ ದೊಡ್ಡ ಹೆದರಿಕೆ, ಡಾಕ್ಟರ ಎದುರು ನಿಂತು ಮಾತಾಡಬೇಕಲ್ಲ ಎಂಬುದು. ಅಷ್ಟು ವರ್ಷದಲ್ಲಿ ಅವರಿಗೆ ನಾನು ಹೇಳಿದ್ದು ಬಹುಶಃ ಹ್ಞೂ ಮತ್ತು ಆಯಿತು, ಈ ಎರಡೇ ಮಾತು. ಶುಕ್ರವಾರ ವಿಲ್ಸನ್‌ಗೆ ಮಾತ್ರ ಹೇಳಿದೆ. ಅವರು ಆವತ್ತು ಹತ್ತು ಬೆರಳು ತೋರಿಸಲಿಲ್ಲ. "ನೀವು ಹೇಳದಿದ್ದರೆ ಯಾರಿಗೂ ಗೊತ್ತಾಗುವುದಿಲ್ಲ ಸುಂದರಕ್ಕ" ಎಂದರು. ಆಮೇಲೆ, "ಅದೇ ತೊಂದರೆ" ಎಂದರು.

ಶನಿವಾರ ಸೀರೆ ಒಗೆಯುವಾಗ ವಾಡಿಕೆಯಂತೆ ಎಲ್ಲ ಗಂಟು ಬಿಚ್ಚಿದೆ. ಈ ಒಂದಕ್ಕೆ ಕೈ ಬಂದಾಗ ನಿಂತಿತು. ಗಂಟು ಇದ್ದಂತೆಯೇ ಒಗೆದು ಒಣಗಿಸಿದೆ.

ಸೋಮವಾರ ಡಾಕ್ಟರು ಪರೀಕ್ಷೆಯ ಕೋಣೆಯಲ್ಲಿ ಒಬ್ಬರೇ ಇದ್ದರು. ನಾನು ಒಳಗೆ ಹೋದೆ. ಸೆರಗಿನ ಗಂಟು ಹಿಡಿದುಕೊಂಡು ನಿಂತೆ. ಎಂತ ಸುಂದರಕ್ಕ ಎಂದು ಎರಡು ಸಲ ಕೇಳಿದರು. ಆಗ ಏನು ಹೊಳೆಯಿತೋ, ಮಕ್ಕಳು ಕೂರುವ ಆ ಚಿಕ್ಕ ಕುರ್ಚಿಯಲ್ಲಿ ಹೋಗಿ ಕೂತೆ. ಮೊಣಕಾಲು ಎದೆಗೆ ತಾಗುತ್ತಿತ್ತು.

"ನನಗೆ ಪರೀಕ್ಷೆ ಮಾಡಿ" ಎಂದೆ.

ಡಾಕ್ಟರು ತಮಾಷೆ ಎಂದುಕೊಂಡು ನಕ್ಕು, ಪಟ್ಟಿ ತೆಗೆದು ಮೊದಲ ಅಂಕೆ ಹೇಳಿದರು. ಅವರು ಎರಡನೆಯದಕ್ಕೆ ಬರುವ ಮೊದಲೇ ನಾನು ಉತ್ತರ ಹೇಳಿದೆ. ಅವರು ಮುಂದಿನ ಸಾಲಿಗೆ ಹೋದರು, ಅದಕ್ಕೂ ಹೇಳಿದೆ. ಆಮೇಲೆ ಅವರು ಕೇಳುವುದು ನಿಲ್ಲಿಸಿದರು, ನಾನು ನಿಲ್ಲಿಸಲಿಲ್ಲ. ಕಣ್ಣು ಮುಚ್ಚಿಕೊಂಡು ಇಡೀ ಪಟ್ಟಿಯನ್ನು ಕೊನೆಯವರೆಗೆ ಹಿಂದುಮುಂದಾಗಿ ಹೇಳಿ ಮುಗಿಸಿದೆ. ಮತ್ತೆ ದನಿ ಇಲ್ಲದೆ, ಬರೀ ತುಟಿಯಲ್ಲಿ, ಮೊದಲಿಂದ ಹೇಳಿದೆ. ಕಣ್ಣು ಬಿಟ್ಟಾಗ ಡಾಕ್ಟರು ತಿರುಗಿ ಮೂಲೆಯ ಕುರ್ಚಿಯನ್ನು ನೋಡುತ್ತಿದ್ದರು.

"ಎಷ್ಟು ಸಮಯದಿಂದ?"

"ಆ ಕುರ್ಚಿ ಹಾಕಿದ ದಿನದಿಂದ. ಬೇಕೆಂದು ಮಾಡಿದ್ದಲ್ಲ ಡಾಕ್ಟ್ರೇ. ಶಿಫಾ ನನ್ನ ಬಾಯಿ ನೋಡಿ ಹೇಳಿದ್ದು. ಬುಧವಾರ ಅವಳನ್ನು ಬಜಗೋಳಿಯಲ್ಲಿ ಬಿಡುತ್ತಾರೆ."

ನನ್ನ ಬಾಳಿನಲ್ಲಿ ಡಾಕ್ಟರೊಬ್ಬರಿಗೆ ನಾನು ಹೇಳಿದ ಅತಿ ಉದ್ದದ ಮಾತು ಅದು.

ಅವರು ಬೈಯಲಿಲ್ಲ, ಬೈದಿದ್ದರೆ ಹಗುರವಾಗುತ್ತಿತ್ತು. ಬೀರುವಿನಿಂದ ಫೈಲುಗಳನ್ನು ತೆಗೆದು ಮೇಜಿನ ಮೇಲೆ ಇಡುತ್ತ ಹೋದರು. ನಾನು ಆ ಕೋಣೆಯಲ್ಲಿ ಕೂತಿದ್ದ ಎಲ್ಲ ಮಕ್ಕಳ ಅಂಕೆಯ ಪರೀಕ್ಷೆಯನ್ನು ಬದಿಗಿಡಬೇಕು, ಬೇರೆ ಅಂಕೆಗಳ ಪಟ್ಟಿಯಲ್ಲಿ ಮತ್ತೆ ಮಾಡಬೇಕು. ಎರಡು ವರ್ಷದ ಕೆಲಸ. ರಾಶಿ ನನ್ನ ಎದೆಯ ಎತ್ತರಕ್ಕೆ ಬಂತು. ಕೊನೆಗೆ, "ಕುರ್ಚಿ ಹಾಕಿಸಿದ್ದು ನಾನು. ಹಿಂದೆ ತಿರುಗಿ ನೋಡದೆ ಇದ್ದದ್ದೂ ನಾನು" ಎಂದಷ್ಟೇ ಹೇಳಿ, ನಫೀಸಾರಿಗೆ ಫೋನು ಮಾಡಿದರು. ಆಮೇಲೆ ಒಂದು ತಿಂಗಳು ಕೆಲಸದ ಮಾತು ಬಿಟ್ಟರೆ ನನ್ನೊಡನೆ ಬೇರೆ ಮಾತಾಡಲಿಲ್ಲ. ಕೆಲಸದಿಂದ ತೆಗೆಯಲೂ ಇಲ್ಲ. ಯಾಕೆ ತೆಗೆಯಲಿಲ್ಲ ಎಂದು ಕೇಳುವ ಧೈರ್ಯ ನನಗೆ ಈವತ್ತಿಗೂ ಬಂದಿಲ್ಲ.

ಮಂಗಳವಾರ ಶಿಫಾ ಬಂದಳು. ಮೂಲೆಯ ಕುರ್ಚಿ ಇರಲಿಲ್ಲ, ನನ್ನನ್ನು ಹೊರಗೆ, ಕಾರಿಡಾರಿನ ಆ ತುದಿಯಲ್ಲಿ ಕೂರಿಸಿದ್ದರು. ನಾನು ಅಲ್ಲಿಯೂ ಸೆರಗಿನಿಂದ ಬಾಯಿ ಮುಚ್ಚಿಕೊಂಡಿದ್ದೆ. ಹಾದುಹೋಗುತ್ತಿದ್ದ ವಿಲ್ಸನ್, ಹಲ್ಲು ನೋವಾ ಎಂದು ಕೇಳಿದರು. ಹೊಸ ಪಟ್ಟಿ, ಬೇರೆ ಪರೀಕ್ಷೆಗಳು, ತಾಯಿಯ ಹತ್ತಿರ ಒಂದು ಗಂಟೆ ಪ್ರಶ್ನೆ, ಹಳೆಯ ಕ್ಲಾಸಿನ ಟೀಚರೊಬ್ಬರಿಗೆ ಫೋನು. ಮಗು ಹೊರಗೆ ಬಂದಾಗ ಕಣ್ಣು ಕೆಂಪಾಗಿತ್ತು. ನೇರ ನನ್ನ ಹತ್ತಿರ ಬಂದು ನಿಂತಳು.

"ನೀವು ಇರಲಿಲ್ಲ. ನಾನು ಫೇಲ್."

ಎರಡೇ ಅಂಕೆ ಹಿಂದುಮುಂದಾಗಿ ಹೇಳಲು ಬಂದಿತ್ತಂತೆ, ಮೂರಕ್ಕೆ ಬಿದ್ದಿತು. ಹಿಂದಿನಿಂದ ನಫೀಸಾ ಬಂದರು. ಅವರ ಕೈಯಲ್ಲಿ ಡಾಕ್ಟರು ಬರೆದ ಹೊಸ ಕಾಗದ. ಅದರಲ್ಲಿ ಗಮನದ ಕೊರತೆಯ ಎ.ಡಿ.ಎಚ್.ಡಿ. ಎಂದು ಇತ್ತು, ಹೆಣ್ಣುಮಕ್ಕಳಲ್ಲಿ ಓಡಾಟ ಇಲ್ಲದೆ ಹೀಗೆ ಮೌನವಾಗಿ ಇರುವುದುಂಟು, ಅದಕ್ಕೇ ಯಾರ ಕಣ್ಣಿಗೂ ಬೀಳುವುದಿಲ್ಲ ಎಂದು ಇತ್ತು. ಒಂದು ಸಲಕ್ಕೆ ಒಂದೇ ಕೆಲಸ ಹೇಳಿ, ಬರೆದು ಕೊಡಿ, ಮುಂದಿನ ಬೆಂಚಿನಲ್ಲಿ ಕೂರಿಸಿ, ಮರೆತದ್ದಕ್ಕೆ ಶಿಕ್ಷೆ ಬೇಡ ಎಂದು ಶಾಲೆಗೆ ಬರೆದಿತ್ತು. ನಫೀಸಾ ಮಗಳ ಎದುರು ನೆಲದ ಮೇಲೆಯೇ ಕೂತು ಅವಳ ಎರಡೂ ಕೈ ಹಿಡಿದುಕೊಂಡರು. ಬ್ಯಾರಿ ಭಾಷೆಯಲ್ಲಿ ಏನೋ ಹೇಳಿದರು, ನನಗೆ ಅರ್ಥವಾಗಲಿಲ್ಲ, ಆಗಬೇಕಾಗಿಯೂ ಇರಲಿಲ್ಲ. ಮಗಳು ಕಡಿಮೆ ಅಂಕ ತಂದದ್ದಕ್ಕೆ ಸಮಾಧಾನದಿಂದ ಅತ್ತ ತಾಯಿಯನ್ನು ನಾನು ಅಲ್ಲಿ ಮೊದಲ ಸಲ ನೋಡಿದೆ. ಅಲ್ಲಿಯೇ ಕೂತು ದುಬೈಗೆ ಫೋನು ಮಾಡಿದರು. ಬುಧವಾರ ಬಜಗೋಳಿಗೆ ಯಾರೂ ಹೋಗಲಿಲ್ಲ.

ಆಮೇಲೆ ಎಲ್ಲ ಸರಿಯಾಯಿತು ಎಂದು ಬರೆದರೆ ಸುಳ್ಳಾಗುತ್ತದೆ. ಅವಳು ಪುಸ್ತಕ ಮರೆಯುವುದು ನಿಲ್ಲಲಿಲ್ಲ, ಶಾಲೆಯ ಎಲ್ಲ ಟೀಚರೂ ಕಾಗದ ಓದಲಿಲ್ಲ. ವಾಂತಿ ನಿಂತಿತು. ನಾನು ಅವಳಿಗೆ ಶಾಲಿನ ತುದಿಗೆ ಗಂಟು ಹಾಕುವುದನ್ನು ಕಲಿಸಿದೆ. ಮುಂದಿನ ಸಲ ಬಂದಾಗ ಶಾಲಿನಲ್ಲಿ ಆರು ಗಂಟು ಇತ್ತು. ಯಾವುದು ಯಾವುದಕ್ಕೆ ಎಂದು ಕೇಳಿದರೆ, "ಗೊತ್ತಿಲ್ಲ ಅಜ್ಜಿ, ನಿಮಗೆ ಗೊತ್ತುಂಟಾ?" ಎಂದಳು. ಇಬ್ಬರೂ ಕೂತು ಬಿಚ್ಚಿದೆವು. ಡಾಕ್ಟರು ಅದನ್ನು ನೋಡಿ ಅವಳಿಗೆ ಕುತ್ತಿಗೆಗೆ ನೇತುಹಾಕುವ ಚಿಕ್ಕ ಪುಸ್ತಕ ಕೊಟ್ಟರು. ಗಂಟಿಗಿಂತ ಅದು ಒಳ್ಳೆಯದು, ಒಪ್ಪುತ್ತೇನೆ.

ಡಾಕ್ಟರು ನನ್ನೊಡನೆ ಮತ್ತೆ ಮಾತಾಡಲು ಆರಂಭಿಸಿದ ಮೇಲೆ ಒಂದು ದಿನ, ಸುಂದರಕ್ಕ, ನಿಮ್ಮನ್ನೂ ಒಮ್ಮೆ ಸರಿಯಾಗಿ ಪರೀಕ್ಷೆ ಮಾಡೋಣ, ದೊಡ್ಡವರಲ್ಲಿಯೂ ಇದು ಇರುತ್ತದೆ ಎಂದು ದಿನಾಂಕ ಬರೆದು ಕೊಟ್ಟರು. ನಾನು ಆ ದಿನ ಮರೆತೆ. ಎರಡನೇ ಸಲ ಕೊಟ್ಟ ಚೀಟಿ ಕಳೆದುಹೋಯಿತು. ಮೂರನೇ ಸಲ ಅವರು ಚೀಟಿ ಕೊಡದೆ, "ಇನ್ನು ಪರೀಕ್ಷೆ ಎಂತಕ್ಕೆ?" ಎಂದು ನಕ್ಕರು. ಹಾಗಾಗಿ ನನ್ನ ತಲೆಯೊಳಗೆ ಏನಿದೆ ಎಂದು ಇವತ್ತಿಗೂ ಗೊತ್ತಿಲ್ಲ. ಏಳನೇ ಕ್ಲಾಸಿನ ಮೇಷ್ಟ್ರು ಹುಣಸೆಯ ಬೆತ್ತದಿಂದ ಹುಡುಕಿದ್ದರು, ಅವರಿಗೂ ಸಿಗಲಿಲ್ಲ.

ಶ್ರಾವ್ಯ, ನೀನು ಕೋಣೆಗೆ ಹೋದ ಮೊದಲ ದಿನ, ಮಗು ಮಲಗುವ ಜಾಗದಲ್ಲಿ ಒಮ್ಮೆ ನೀನೇ ಮಲಗಿ, ಅದು ಕೂರುವ ಕುರ್ಚಿಯಲ್ಲಿ ಒಮ್ಮೆ ನೀನೇ ಕೂತು ನೋಡು. ಅಲ್ಲಿಂದ ಯಾರ ಮುಖ ಕಾಣುತ್ತದೆ ಎಂದು ನೋಡು. ನಾನು ಎರಡು ವರ್ಷ ತಡವಾಗಿ ಕೂತೆ.

ನೀಲಿ ಸೀರೆಯನ್ನು ಕೌದಿಗೆ ತೆಗೆದುಕೊಳ್ಳುತ್ತೇನೆ ಎಂದು ನೀನು ಹೇಳಿದ್ದೆ, ತೆಗೆದುಕೋ. ಸೆರಗಿನ ತುದಿ ಮಾತ್ರ ಕತ್ತರಿಸಿ ಟ್ರಂಕಿನಲ್ಲಿಯೇ ಇಡು, ಬಿಚ್ಚಬೇಡ. ನಾನು ಬಾಳಿನಲ್ಲಿ ಹಾಕಿದ ಅಷ್ಟೂ ಗಂಟುಗಳಲ್ಲಿ, ಯಾಕೆ ಹಾಕಿದೆ ಎಂದು ಇಂದಿಗೂ ನೆನಪಿರುವುದು ಅದೊಂದೇ.